ಕೇಳದೆ ಕೊಟ್ಟ ಔಷಧ, ಕೇಳಿ ಕೊಟ್ಟ ಔಷಧ

1943ರ ಏಪ್ರಿಲ್ 19ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ಸ್ಯಾಂಡೋಜ್ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ತಾವೇ ತಯಾರಿಸಿದ ಒಂದು ವಸ್ತುವನ್ನು ನೀರಿಗೆ ಬೆರೆಸಿ ಕುಡಿದರು. ಪ್ರಮಾಣ 250 ಮೈಕ್ರೊಗ್ರಾಂ, ಎಂದರೆ ಒಂದು ಗ್ರಾಮನ್ನು ನಾಲ್ಕು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಅಷ್ಟಕ್ಕೇ ಅವರ ಕಣ್ಣ ಮುಂದಿನ ಲೋಕ ಕದಡಿಹೋಯಿತು. ಸಹಾಯಕಿಯನ್ನು ಜೊತೆಗೆ ಕರೆದುಕೊಂಡು ಸೈಕಲ್ ಮೇಲೆ ಮನೆ ಸೇರಿದರು. ಆ ವಸ್ತುವಿನ ಹೆಸರು ಎಲ್‌ಎಸ್‌ಡಿ. 1938ರಲ್ಲೇ ಅವರು ಅದನ್ನು ಸಿದ್ಧಪಡಿಸಿದ್ದರು. ಆದರೆ ಅದು ಮನಸ್ಸಿಗೆ ಏನು ಮಾಡುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಎಲ್‌ಎಸ್‌ಡಿಯ ಮೂಲ ನಮ್ಮ ರೈತರಿಗೆ ತೀರಾ ಅಪರಿಚಿತವಾದದ್ದಲ್ಲ. ಯುರೋಪಿನಲ್ಲಿ ರೈ ಧಾನ್ಯದ ತೆನೆಗೆ ಎರ್ಗಾಟ್ ಎಂಬ ಶಿಲೀಂಧ್ರ ತಗಲುತ್ತದೆ, ಕಾಳಿನ ಜಾಗದಲ್ಲಿ ಕಪ್ಪು ಗಂಟು ಕಟ್ಟುತ್ತದೆ. ಅದರ ಸಾರದಿಂದಲೇ ಹಾಫ್‌ಮನ್ ತಮ್ಮ ಕೆಲಸ ಶುರು ಮಾಡಿದ್ದು. ಅದೇ ಕುಲದ ಇನ್ನೊಂದು ಶಿಲೀಂಧ್ರ ನಮ್ಮ ಸಜ್ಜೆಯ ತೆನೆಗೂ ಬೀಳುತ್ತದೆ. ಬಿತ್ತುವ ಮುಂಚೆ ಬೀಜವನ್ನು ಉಪ್ಪು ನೀರಿಗೆ ಹಾಕಿ, ತೇಲಿದ್ದನ್ನು ತೆಗೆದು ಚೆಲ್ಲಿ ಎಂದು ಕೃಷಿ ಇಲಾಖೆಯವರು ಹೇಳುವುದು ಈ ರೋಗದ ಗಂಟುಗಳನ್ನು ಬೇರ್ಪಡಿಸಲಿಕ್ಕೇ. ಸಜ್ಜೆಯ ಎರ್ಗಾಟ್‌ನಿಂದ ಎಲ್‌ಎಸ್‌ಡಿ ಬರುವುದಿಲ್ಲ, ವಾಂತಿ, ತಲೆಸುತ್ತು ಬರುತ್ತವೆ.

ಅದೇ 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಒಂದು ಲೇಖನ ಪ್ರಕಟಿಸಿದರು. 11 ಮಕ್ಕಳ ಕಥೆ ಅದು, 8 ಹುಡುಗರು, 3 ಹುಡುಗಿಯರು. ಹೊರಗಿನವರ ಮಾತಿಗಿಂತ ತಮ್ಮ ಒಳಗಿನ ಕ್ರಮವೇ ದೊಡ್ಡದಾದ, ಒಂದೇ ಬಗೆಯ ಚಲನೆ ಮತ್ತು ವಸ್ತುಗಳಲ್ಲಿ ನೆಮ್ಮದಿ ಕಾಣುವ ಮಕ್ಕಳು. ಸೋವಿಯತ್ ದೇಶದಲ್ಲಿ ಗ್ರುನ್ಯಾ ಸುಖರೇವಾ 1925ರಲ್ಲೇ ಇಂಥ ಹುಡುಗರನ್ನು ಗುರುತಿಸಿ ಬರೆದಿದ್ದರು. ಆದರೆ ಜಗತ್ತು ಆಟಿಸಂ ಎಂದು ಕೇಳಿದ್ದು ಕ್ಯಾನರ್ ಅವರಿಂದ. ಅವರ ಪಟ್ಟಿಯ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಅವರು ಮಿಸಿಸಿಪ್ಪಿಯ ತಮ್ಮ ಊರಿನಲ್ಲೇ ಬೆಳೆದು, ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡುತ್ತ, ದೇಶ ದೇಶ ಸುತ್ತುತ್ತ 89 ವರ್ಷ ಬಾಳಿ 2023ರಲ್ಲಿ ತೀರಿಕೊಂಡರು. ಆಟಿಸಂ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮೂರು ವರ್ಷದ ಮಗು. ಆ ಮಗುವಿಗೆ ಮುಂದೆ ಮೂವತ್ತಾಗುತ್ತದೆ, ಅರವತ್ತಾಗುತ್ತದೆ ಎಂಬುದನ್ನು ವೈದ್ಯಲೋಕವೂ ಬಹಳ ಕಾಲ ಮರೆತೇ ಇತ್ತು.

ಒಂದೇ ವರ್ಷದಲ್ಲಿ ಬೆಳಕಿಗೆ ಬಂದ ಈ ಎರಡು ಸಂಗತಿಗಳು ಇಪ್ಪತ್ತು ವರ್ಷ ಕಳೆಯುವುದರೊಳಗೆ ನ್ಯೂಯಾರ್ಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಎದುರುಬದುರಾದವು.

ಕ್ರೀಡ್‌ಮೂರ್ ಸ್ಟೇಟ್ ಹಾಸ್ಪಿಟಲ್ ಕ್ವೀನ್ಸ್ ಭಾಗದ ದೊಡ್ಡ ಮಾನಸಿಕ ಆಸ್ಪತ್ರೆ. ಅಲ್ಲಿ ಮಕ್ಕಳ ವಿಭಾಗದ ಹೊಣೆ ಹೊತ್ತಿದ್ದವರು ಲಾರೆಟ್ಟಾ ಬೆಂಡರ್. ಚಿತ್ರ ನಕಲಿಸುವ ಬೆಂಡರ್ ಗೆಸ್ಟಾಲ್ಟ್ ಪರೀಕ್ಷೆಯಿಂದಾಗಿ ಅವರ ಹೆಸರು ಇಂದಿಗೂ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತು. 1940ರ ದಶಕದಲ್ಲಿ ಅವರು ಮಕ್ಕಳಿಗೆ ವಿದ್ಯುತ್ ಆಘಾತ ಚಿಕಿತ್ಸೆ ಕೊಟ್ಟಿದ್ದರು. ಆಗ ಆಟಿಸಂ ಅನ್ನು ಬಾಲ್ಯದ ಸ್ಕಿಜೋಫ್ರೇನಿಯಾ ಎಂದೇ ಎಣಿಸುತ್ತಿದ್ದರು. ಎರಡೂ ಬೇರೆ ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿಕೊಂಡದ್ದು 1980ರಲ್ಲಿ. ಮಗು ಹೀಗಾಗಲು ತಾಯಿಯ ಮಮತೆಯ ಕೊರತೆಯೇ ಕಾರಣ ಎಂಬ ಕ್ರೂರ ವಾದವೂ ಆಗ ಬಲವಾಗಿತ್ತು. ಅದರ ಬುಡ ಅಲ್ಲಾಡಿಸಿದ್ದು 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, ಅವರೂ ಆಟಿಸಂ ಇದ್ದ ಮಗುವಿನ ತಂದೆ.

1961ರ ಸುಮಾರಿಗೆ ಬೆಂಡರ್ ತಮ್ಮ ವಾರ್ಡಿನ ಮಕ್ಕಳಿಗೆ ಎಲ್‌ಎಸ್‌ಡಿ ಕೊಡಲು ಆರಂಭಿಸಿದರು. ಆರೇಳು ವರ್ಷದ ಮಕ್ಕಳೂ ಅವರಲ್ಲಿದ್ದರು. ಒಂದೆರಡು ಸಲ ಕೊಟ್ಟು ಬಿಡಲಿಲ್ಲ, ಕೆಲವರಿಗೆ ತಿಂಗಳುಗಟ್ಟಲೆ ದಿನವೂ ಕೊಟ್ಟರು. ಮಾತೇ ಆಡದ ಮಗುವಿನ ಒಳಗಿನ ಗೋಡೆಯನ್ನು ಈ ಔಷಧ ಒಡೆಯಬಹುದು, ಮಾತು ಹೊರಗೆ ಬರಬಹುದು ಎಂಬುದು ಆಸೆ. ಮಕ್ಕಳು ಹೆಚ್ಚು ಎಚ್ಚರವಾಗಿದ್ದಾರೆ, ದೊಡ್ಡವರ ಮುಖ ನೋಡುತ್ತಿದ್ದಾರೆ, ಮೈ ತೂಗುವುದು ಕಡಿಮೆಯಾಗಿದೆ ಎಂದು ಅವರ ವರದಿಗಳು ಹೇಳಿದವು. 1962ರಲ್ಲಿ ಫ್ರೀಡ್‌ಮನ್ ಮತ್ತು ಸಂಗಡಿಗರು 12 ಮಕ್ಕಳಿಗೆ ಕೊಟ್ಟು ನೋಡಿದರು. ಮಾತು ಬರಲಿಲ್ಲ, ಕೆಲವರು ಇನ್ನಷ್ಟು ಒಳಗೆ ಸರಿದರು. ಲಾಸ್ ಏಂಜಲೀಸಿನಲ್ಲಿ ಸಿಮನ್ಸ್ ಅವರ ತಂಡ ಅವಳಿ ಹುಡುಗರಿಬ್ಬರ ಮೇಲೆ ನಡೆಸಿದ ಪ್ರಯೋಗ 1966ರಲ್ಲಿ ಪ್ರಕಟವಾಯಿತು. 1969ರಲ್ಲಿ ರಾಬರ್ಟ್ ಮೋಗರ್ ಮತ್ತು ರಾಬರ್ಟ್ ಆಲ್ಡ್ರಿಚ್ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಮಕ್ಕಳ ಸಂಖ್ಯೆ 91 ಆಗಿತ್ತು.

ಹೋಲಿಸಿ ನೋಡಲು ಔಷಧ ಪಡೆಯದ ಇನ್ನೊಂದು ಗುಂಪು ಬಹುತೇಕ ಕಡೆ ಇರಲಿಲ್ಲ. ನೋಡುವವರಿಗೆ ಯಾರಿಗೆ ಏನು ಕೊಟ್ಟಿದೆ ಎಂಬುದು ಮೊದಲೇ ಗೊತ್ತಿತ್ತು. ಹೀಗಾಗಿ ಆ ವರದಿಗಳಿಂದ ಇಂದು ಏನನ್ನೂ ಸಾಧಿಸಲು ಬರುವುದಿಲ್ಲ. ಆದರೆ ನನ್ನನ್ನು ಕಾಡುವುದು ವಿಧಾನದ ದೋಷವಲ್ಲ. ಗೋಡೆಗಳ ಬಣ್ಣ ಕರಗುವಾಗ, ಸದ್ದುಗಳಿಗೆ ಆಕಾರ ಬರುವಾಗ, ಆರು ವರ್ಷದ ಮಾತು ಬಾರದ ಮಗುವೊಂದು ಆಸ್ಪತ್ರೆಯ ಮಂಚದ ಮೇಲೆ ಏನು ಅನುಭವಿಸಿತು? ಹೆದರಿತೆ? ಸಾಕು ಎನ್ನಲು ಅದಕ್ಕೆ ದಾರಿ ಇತ್ತೆ? ಸಂಶೋಧನೆಗೆ ಒಳಗಾಗುವವರ ಒಪ್ಪಿಗೆ ಮುಖ್ಯ ಎಂದು 1947ರ ನ್ಯೂರೆಂಬರ್ಗ್ ಸಂಹಿತೆ ಹೇಳಿತ್ತು, 1964ರ ಹೆಲ್ಸಿಂಕಿ ಘೋಷಣೆ ಮತ್ತೆ ಹೇಳಿತು. ಕಾಗದದ ಮೇಲಿನ ಆ ಮಾತು ವಾರ್ಡಿನ ಬಾಗಿಲು ದಾಟಿ ಒಳಗೆ ಬರಲಿಲ್ಲ. ಬೆಂಡರ್ ದುಷ್ಟರಾಗಿರಲಿಲ್ಲ, ಮಕ್ಕಳಿಗೆ ಒಳ್ಳೆಯದಾಗಲಿ ಎಂದೇ ಮಾಡಿದರು. ಆದರೂ ಅದು ತಪ್ಪೇ ಎಂದು ನಾನು ಬರೆಯುತ್ತೇನೆ. ಸದುದ್ದೇಶ ಇದ್ದಲ್ಲಿಯೇ ಕೇಳುವ ಅಭ್ಯಾಸ ಬೇಗ ತಪ್ಪುತ್ತದೆ.

ಆಮೇಲಿನ ಕಥೆ ಬೇಗ ಓಡುತ್ತದೆ. 1966ರಲ್ಲಿ ಸ್ಯಾಂಡೋಜ್ ಎಲ್‌ಎಸ್‌ಡಿ ಪೂರೈಕೆ ನಿಲ್ಲಿಸಿತು. ಬೀದಿಯಲ್ಲಿ ಅದು ಹರಡಿದಂತೆ ಕಾನೂನು ಬಿಗಿಯಾಯಿತು. 1970ರಲ್ಲಿ ಅಮೆರಿಕ ಅದನ್ನು ಅತ್ಯಂತ ಕಠಿಣ ಪಟ್ಟಿಗೆ ಸೇರಿಸಿತು, 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂತು. ಭಾರತದಲ್ಲಿ ಮಾದಕವಸ್ತು ಮತ್ತು ಮನಃಪ್ರಭಾವಕ ವಸ್ತುಗಳ ಕಾಯ್ದೆ, ಜನ ಎನ್‌ಡಿಪಿಎಸ್ ಎನ್ನುವ ಕಾಯ್ದೆ, 1985ರ ನವೆಂಬರ್ 14ರಿಂದ ಜಾರಿಗೆ ಬಂತು.

ಅದೇ 1985ರಲ್ಲಿ ಅಮೆರಿಕ ಇನ್ನೊಂದು ವಸ್ತುವನ್ನೂ ನಿಷೇಧಿಸಿತು. ಅದು ಎಂಡಿಎಂಎ. ಜರ್ಮನಿಯ ಮೆರ್ಕ್ ಕಂಪನಿಯಲ್ಲಿ ಆಂಟನ್ ಕೊಲಿಶ್ ಎಂಬ ರಸಾಯನಶಾಸ್ತ್ರಜ್ಞ ರಕ್ತಸ್ರಾವ ನಿಲ್ಲಿಸುವ ಔಷಧದ ಹುಡುಕಾಟದಲ್ಲಿದ್ದಾಗ ದಾರಿಯಲ್ಲಿ ಸಿಕ್ಕ ವಸ್ತು. 1912ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ ಕಂಪನಿ ಮರೆತುಬಿಟ್ಟಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಶುಲ್ಗಿನ್ ಅದನ್ನು ಮತ್ತೆ ತಯಾರಿಸಿದರು, ಲಿಯೋ ಜೆಫ್ ಎಂಬ ಹಿರಿಯ ಮನಶ್ಶಾಸ್ತ್ರಜ್ಞರು ಅದನ್ನು ಚಿಕಿತ್ಸಕರಿಗೆ ಪರಿಚಯಿಸಿದರು. ಎಲ್‌ಎಸ್‌ಡಿಯಂತೆ ಇದು ಕಾಣದ್ದನ್ನು ಕಾಣಿಸುವುದಿಲ್ಲ. ಭಯ ಸಡಿಲಾಗುತ್ತದೆ, ಎದುರಿಗಿರುವವರ ಮೇಲೆ ನಂಬಿಕೆ ಮೂಡುತ್ತದೆ, ಹೇಳಲಾಗದ್ದನ್ನು ಹೇಳಲು ಧೈರ್ಯ ಬರುತ್ತದೆ. ಜೊತೆಗೆ ರಕ್ತದೊತ್ತಡ ಏರುತ್ತದೆ, ಮೈ ಬಿಸಿಯಾಗುತ್ತದೆ. ಲೆಕ್ಕ ತಪ್ಪಿದರೆ, ಬೇರೆ ಔಷಧಗಳ ಜೊತೆ ಸೇರಿದರೆ ಪ್ರಾಣಕ್ಕೇ ಅಪಾಯ.

ಇಲ್ಲಿ ಬಾಗಲಕೋಟೆ ಜಿಲ್ಲೆಯ ಓದುಗರು ತಡೆದು ಕೇಳುವುದು ನ್ಯಾಯ: ಅಮಲಿನ ವಸ್ತುವಿನ ಬಗ್ಗೆ ನಮಗೆ ಹೇಳುತ್ತೀರಾ? ಇಳಕಲ್ಲಿನ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ, ದುಡ್ಡು ಧಾನ್ಯ ಬೇಡ, ನಿಮ್ಮ ಚಟಗಳನ್ನು ಇದಕ್ಕೆ ಹಾಕಿ ಎಂದು ಬೇಡಿದ ನೆಲ ಇದು. ಅವರ ಹುಟ್ಟುದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಗೆ ಬಿದ್ದ ಗುಟ್ಕಾ ಚೀಟಿ, ಬೀಡಿ ಕಟ್ಟು, ಕುಡಿತದ ಶಪಥಗಳು ಎಷ್ಟೋ ಮನೆಗಳನ್ನು ಉಳಿಸಿದವು. ಆ ಜೋಳಿಗೆಯ ಎಚ್ಚರವನ್ನು ಕೆಳಗಿಡದೆಯೇ ಮುಂದಿನ ಭಾಗವನ್ನು ಓದಬೇಕು ಎಂದೇ ನನ್ನ ಕೋರಿಕೆ. ಶಿವಯೋಗಿಗಳು ಕೂಡ ಮನುಷ್ಯನ ಮನೆ ಬಾಗಿಲಿಗೆ ಹೋಗಿ ಅವನನ್ನೇ ಕೇಳಿದರು, ಕಿತ್ತುಕೊಳ್ಳಲಿಲ್ಲ.

ಎಂಡಿಎಂಎ ನಿಷೇಧವಾದ ಮರುವರ್ಷ ರಿಕ್ ಡಾಬ್ಲಿನ್ ಎಂಬವರು ಮ್ಯಾಪ್ಸ್ ಎಂಬ ಸಂಸ್ಥೆ ಕಟ್ಟಿ, ಕಾನೂನಿನ ಒಳಗೇ ಸಂಶೋಧನೆಗೆ ಅನುಮತಿ ಕೇಳುತ್ತ ಹೋದರು. ಅವರ ಮುಖ್ಯ ಗುರಿ ಯುದ್ಧ, ಅತ್ಯಾಚಾರದಂಥ ಆಘಾತ ಕಂಡವರ ಚಿಕಿತ್ಸೆ. ಈ ನಡುವೆ ಅಲಿಸಿಯಾ ಡ್ಯಾನ್‌ಫೋರ್ತ್ ಎಂಬ ಸಂಶೋಧಕಿ ಬೇರೊಂದು ಕಡೆ ತಿರುಗಿದರು. ತಾವಾಗಿಯೇ ಎಂಡಿಎಂಎ ತೆಗೆದುಕೊಂಡಿದ್ದ ಆಟಿಸಂ ಇರುವ ವಯಸ್ಕರನ್ನು ಹುಡುಕಿ, ಅವರ ಅನುಭವ ಕೇಳಿ, 2013ರಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. ಜನರ ನಡುವೆ ಇರುವ ಹೆದರಿಕೆ ಕಡಿಮೆಯಾಯಿತು ಎಂಬ ಮಾತು ಅವರಿಗೆ ಮತ್ತೆ ಮತ್ತೆ ಸಿಕ್ಕಿತು.

ಆ ಹೆದರಿಕೆ ಎಂಥದ್ದು ಎಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಬನ್ನಿ. ನಾಟಕ ಕಂಪನಿಗಳ ಮೈಕು, ತೇರಿನ ಗದ್ದಲ, ಮಿರ್ಚಿ ಎಣ್ಣೆಯ ವಾಸನೆ, ಮೈಗೆ ಮೈ ತಾಗುವ ಜನ. ನಮಗೆ ಸಂಭ್ರಮವಾದದ್ದು ಆಟಿಸಂ ಇರುವ ಎಷ್ಟೋ ಮಂದಿಗೆ ಒಟ್ಟಿಗೇ ಮೈಮೇಲೆ ಬೀಳುವ ಹೊರೆ. ಅದರ ನಡುವೆ ಹುನಗುಂದದ ಸೋದರಮಾವ ಹೆಗಲ ಮೇಲೆ ಕೈ ಹಾಕಿ, “ಯಾಕಪಾ, ಮಾತಾಡವಲ್ಲಿ? ಮುಖ ನೋಡಿ ಮಾತಾಡು” ಎನ್ನುತ್ತಾನೆ. ಪ್ರೀತಿಯಿಂದಲೇ ಎನ್ನುತ್ತಾನೆ. ಚಿಕ್ಕಂದಿನಿಂದ ಇಂಥ ಸಾವಿರ ಮಾತು ಕೇಳಿದವರು ಮನುಷ್ಯರ ಮುಖ ಕಂಡರೆ ಸಾಕು, ಒಳಗೇ ನಡುಗತೊಡಗುತ್ತಾರೆ. ಆಟಿಸಂ ಹುಟ್ಟಿನಿಂದ ಬಂದ ರೀತಿ. ಈ ನಡುಕ ಆಮೇಲೆ ಸೇರಿಕೊಂಡದ್ದು, ಬಹುಪಾಲು ನಾವು ಸೇರಿಸಿದ್ದು. ಮಾಮೂಲಿ ಆತಂಕದ ಗುಳಿಗೆಗಳು ಇವರಿಗೆ ಎಷ್ಟು ನೆರವಾಗುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ.

ಡ್ಯಾನ್‌ಫೋರ್ತ್ ಮತ್ತು ಮನೋವೈದ್ಯ ಚಾರ್ಲ್ಸ್ ಗ್ರಾಬ್ ಲಾಸ್ ಏಂಜಲೀಸ್ ಬಳಿಯ ಹಾರ್ಬರ್ ಯುಸಿಎಲ್‌ಎ ಆಸ್ಪತ್ರೆಯ ಸಂಶೋಧನಾ ಸಂಸ್ಥೆಯಲ್ಲಿ ಸರ್ಕಾರದ ಅನುಮತಿಯೊಂದಿಗೆ ಪ್ರಯೋಗ ನಡೆಸಿದರು. ಸೇರಿದವರು 12 ಮಂದಿ, ಎಲ್ಲರೂ ವಯಸ್ಕರು, ಹಿಂದೆ ಎಂಡಿಎಂಎ ಮುಟ್ಟದವರು, ತಮ್ಮ ಒಪ್ಪಿಗೆಯನ್ನು ತಾವೇ ಕೊಟ್ಟವರು. 8 ಮಂದಿಗೆ ಔಷಧ, 4 ಮಂದಿಗೆ ಔಷಧವಿಲ್ಲದ ಹುಸಿಗುಳಿಗೆ. ಒಬ್ಬೊಬ್ಬರಿಗೂ ಸುಮಾರು ತಿಂಗಳ ಅಂತರದಲ್ಲಿ ಎರಡು ದಿನ, ದಿನಕ್ಕೆ ಎಂಟು ಗಂಟೆ, ಇಬ್ಬರು ಚಿಕಿತ್ಸಕರು ಜೊತೆಗೆ. ಔಷಧದ ಪ್ರಮಾಣ 75ರಿಂದ 125 ಮಿಲಿಗ್ರಾಂ. ಅದಕ್ಕೂ ಮುಂಚೆ ತಯಾರಿಯ ಭೇಟಿಗಳು, ಆಮೇಲೆ ಅನುಭವವನ್ನು ಅರಗಿಸಿಕೊಳ್ಳುವ ಭೇಟಿಗಳು. ಆಟಿಸಂ ವಾಸಿ ಮಾಡುತ್ತೇವೆ ಎಂದು ಅವರು ಹೇಳಲೇ ಇಲ್ಲ. ಕಡಿಮೆ ಮಾಡಬೇಕೆಂದದ್ದು ಸಾಮಾಜಿಕ ಆತಂಕವನ್ನು ಮಾತ್ರ.

ಕೋಣೆಯ ವಿವರಗಳನ್ನು ಓದುವಾಗ ನನಗೆ ಕ್ರೀಡ್‌ಮೂರ್ ನೆನಪಾಗಿ ಗಂಟಲು ಕಟ್ಟಿತು. ಮಂದ ಬೆಳಕು, ಸದ್ದು ಕಡಿಮೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕೆಂಬ ಒತ್ತಾಯವಿಲ್ಲ. ಕೈಯಲ್ಲಿ ಹಿಡಿದು ಆಡಿಸಲು ವಸ್ತುಗಳು, ಮೈ ತೂಗಬೇಕೆನಿಸಿದರೆ ತೂಗಬಹುದು. ಬೆಂಡರ್ ಅವರ ವರದಿಯಲ್ಲಿ ಮೈ ತೂಗುವುದು ನಿಂತರೆ ಅದೇ ಗೆಲುವು, ಇಲ್ಲಿ ಅದು ಸಹಜ. ಮಾತಿಲ್ಲದೆ ಸುಮ್ಮನೆ ಇರುವುದಕ್ಕೂ ಜಾಗವಿತ್ತು. ಈ ಪ್ರಯೋಗದ ವರದಿಯ ಲೇಖಕರಲ್ಲಿ ಒಬ್ಬರಾದ ನಿಕ್ ವಾಕರ್ ಸ್ವತಃ ಆಟಿಸಂ ಇರುವ ವಿದ್ವಾಂಸರು. ಹಿಂದೆ ಯಾರ ಮೇಲೆ ಪ್ರಯೋಗ ನಡೆಯುತ್ತಿತ್ತೋ ಆ ಸಮುದಾಯದವರೇ ಇಲ್ಲಿ ಸಂಶೋಧಕರ ಮೇಜಿಗೆ ಬಂದು ಕುಳಿತರು.

2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಾಮಾಜಿಕ ಆತಂಕವನ್ನು ಅಳೆಯುವ ಲೀಬೊವಿಟ್ಸ್ ಮಾಪಕದಲ್ಲಿ ಗರಿಷ್ಠ 144 ಅಂಕ. ಔಷಧ ಪಡೆದವರ ಅಂಕ ಸರಾಸರಿ 44ರಷ್ಟು ಇಳಿಯಿತು, ಹುಸಿಗುಳಿಗೆ ಪಡೆದವರದು 19ರಷ್ಟು. ಆರು ತಿಂಗಳ ಮೇಲೂ ಸುಧಾರಣೆ ಉಳಿದಿತ್ತು. ಗಂಭೀರ ದುಷ್ಪರಿಣಾಮ ಯಾರಿಗೂ ಆಗಲಿಲ್ಲ.

ಇದನ್ನು ಹಿಗ್ಗಿಸಿ ಹೇಳುವವರನ್ನು ನಂಬಬೇಡಿ. 12 ಮಂದಿಯಿಂದ ಒಂದು ಚಿಕಿತ್ಸೆ ಸಿದ್ಧವಾಗುವುದಿಲ್ಲ. ತಾನು ತೆಗೆದುಕೊಂಡದ್ದು ಔಷಧವೋ ಹುಸಿಯೋ ಎಂಬುದು ಈ ವಸ್ತುವಿನ ವಿಷಯದಲ್ಲಿ ಬೇಗ ತಿಳಿದುಬಿಡುತ್ತದೆ, ಆ ಅರಿವೇ ಅಂಕಗಳನ್ನು ಏರುಪೇರು ಮಾಡಬಹುದು. ಆಘಾತದ ಕಾಯಿಲೆಗೆ ನಡೆದ ದೊಡ್ಡ ಪ್ರಯೋಗಗಳಿಗೂ ಇದೇ ಆಕ್ಷೇಪ ಬಂತು. ಕೆನಡಾದಲ್ಲಿ ಒಂದು ಪ್ರಯೋಗದ ಚಿಕಿತ್ಸಕರು ರೋಗಿಯೊಬ್ಬರೊಂದಿಗೆ ಮಿತಿ ಮೀರಿ ನಡೆದುಕೊಂಡದ್ದೂ ಹೊರಬಂತು. ಔಷಧದ ಪ್ರಭಾವದಲ್ಲಿ ನಂಬಿಕೆ ಹೆಚ್ಚುವ ಮನುಷ್ಯ ಎಷ್ಟು ಅಸಹಾಯಕನಾಗಿರುತ್ತಾನೆ ಎಂಬುದಕ್ಕೆ ಆ ಪ್ರಕರಣ ಸಾಕ್ಷಿ. 2024ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಂಡಿಎಂಎ ಚಿಕಿತ್ಸೆಗೆ ಒಪ್ಪಿಗೆ ನಿರಾಕರಿಸಿ, ಇನ್ನೊಂದು ದೊಡ್ಡ ಪ್ರಯೋಗ ಮಾಡಿ ಬನ್ನಿ ಎಂದರು. ಆಸ್ಟ್ರೇಲಿಯಾ ಮಾತ್ರ 2023ರ ಜುಲೈಯಿಂದ, ಅನುಮತಿ ಪಡೆದ ಮನೋವೈದ್ಯರಿಗೆ, ಆಘಾತದ ಕಾಯಿಲೆಗಷ್ಟೇ ಬಿಟ್ಟುಕೊಟ್ಟಿದೆ.

ನನ್ನ ಕಣ್ಣು ನಿಲ್ಲುವುದು ಆ ಇನ್ನೊಂದು ಅಂಕಿಯ ಮೇಲೆ. ಹುಸಿಗುಳಿಗೆ ನುಂಗಿದ ನಾಲ್ವರ ಆತಂಕವೂ 19 ಅಂಕ ಇಳಿಯಿತಲ್ಲ. ಅದರಲ್ಲಿ ನಿರೀಕ್ಷೆಯ ಪಾಲೂ ಇರಬಹುದು. ಆದರೆ ಆ ನಾಲ್ವರಿಗೂ ಮಂದ ಬೆಳಕಿನ ಆ ಕೋಣೆ ಸಿಕ್ಕಿತ್ತು, ತಯಾರಿಯ ಭೇಟಿಗಳು ಸಿಕ್ಕಿದ್ದವು, ಅವಸರ ಮಾಡದೆ ದಿನವಿಡೀ ಎದುರಿಗೆ ಕುಳಿತ ಇಬ್ಬರು ಮನುಷ್ಯರು ಸಿಕ್ಕಿದ್ದರು. ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಕನ್ನಡ ನಾಡಿನಲ್ಲಿ ಅಂಥ ಕೋಣೆ ಎಷ್ಟು ದೂರವಿತ್ತು? ಐಹೊಳೆ, ಹುನಗುಂದ, ಬಾದಾಮಿ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಮನಸ್ಸಿನ ಕಾಯಿಲೆಗೆ ಇದ್ದ ಊರು ಧಾರವಾಡ. 1845ರಲ್ಲಿ ಅಲ್ಲಿ ಹುಚ್ಚಾಸ್ಪತ್ರೆ ಶುರುವಾಯಿತು. ಇವನನ್ನು ಧಾರವಾಡಕ್ಕೆ ಕಳಿಸಬೇಕು ಎಂಬ ಬೈಗುಳ ಈ ಕಡೆ ಇಂದಿಗೂ ಸತ್ತಿಲ್ಲ. ಮಾತು ಬಾರದವರು, ಒಬ್ಬರೇ ನಗುವವರು, ಜನ ಕಂಡರೆ ಓಡುವವರು, ಎಲ್ಲರನ್ನೂ ಆ ಒಂದೇ ಬೈಗುಳ ಅಟ್ಟುತ್ತಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದು ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ ನಿಮ್ಹಾನ್ಸ್ ಆಯಿತು. ರೋಗಿ ಬೆಂಗಳೂರಿಗೆ ಬರುವ ಬದಲು ವೈದ್ಯವೇ ಹಳ್ಳಿಗೆ ಹೋಗಲಿ ಎಂದು 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಬಳ್ಳಾರಿ ಮಾದರಿ ಎಂದು ಹೆಸರಾದ ಅದನ್ನೇ ಹಿಡಿದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು ಮನೋವೈದ್ಯವನ್ನು ಮನೆಮನೆಗೆ ಮುಟ್ಟಿಸಿದರು. ಇದು ನಮ್ಮ ನಾಡು ಹೆಮ್ಮೆಪಡಬೇಕಾದ ಇತಿಹಾಸ.

ಆದರೆ ಆಟಿಸಂ ಇರುವ ವಯಸ್ಕರು ಈ ಇತಿಹಾಸದಲ್ಲೂ ಅಂಚಿನಲ್ಲೇ ಉಳಿದರು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸೆಗೆ ತಿಳಿದು ಕೊಡುವ ಒಪ್ಪಿಗೆಯನ್ನು ಹಕ್ಕಾಗಿ ಬರೆಯಿತು. ಇಂದು ಇಳಕಲ್ಲಿನ ಕುಣಿ ಮಗ್ಗದ ಮುಂದೆ ಒಂದೇ ಲಯದಲ್ಲಿ ಲಾಳಿ ಓಡಿಸುತ್ತ ನೆಮ್ಮದಿಯಾಗಿರುವ, ಮದುವೆ ಮನೆಗೆ ಕರೆದರೆ ಮಾತ್ರ ಬೆವರುವ ಮಂದಿಯಲ್ಲಿ ಆಟಿಸಂ ಇರುವವರೂ ಇರಬಹುದು. ಅವರನ್ನು ಯಾರೂ ಎಂದೂ ಪರೀಕ್ಷಿಸಿರುವುದಿಲ್ಲ. ಮಗ ಸ್ವಲ್ಪ ಮುಗ್ಧ ಎಂದು ಮನೆಯವರು ಅಂದುಕೊಂಡಿರುತ್ತಾರೆ, ಅಷ್ಟೇ.

ಎಂಡಿಎಂಎ, ಎಲ್‌ಎಸ್‌ಡಿ ಭಾರತದಲ್ಲಿ ಕಾನೂನುಬಾಹಿರ. ಆಟಿಸಂಗೆ ಇಂಥದ್ದರಿಂದ ಚಿಕಿತ್ಸೆ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ. ಮನೆಯಲ್ಲಿ ಜನರ ನಡುವೆ ನಡುಗುವ ವಯಸ್ಕ ಮಗನೋ ಮಗಳೋ ಇದ್ದರೆ ಅವರನ್ನೇ ಕೇಳಿ: ಏನು ಕಷ್ಟ, ಯಾವುದು ಬೇಡ, ಯಾರ ಜೊತೆ ಹೋದರೆ ಸರಿ. ಉತ್ತರ ತಡವಾಗಿ ಬಂದರೆ ಕಾಯಿರಿ. ಬರೆದು ಹೇಳುತ್ತೇನೆಂದರೆ ಕಾಗದ ಕೊಡಿ. ಆಮೇಲೆ ಅವರ ಒಪ್ಪಿಗೆ ಪಡೆದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.